ಕೆಳಗಿನ ಮೆಟ್ಟಿಲು ಸವೆದ ಕ್ಯಾಮೆರಾ ಪೇಟೆ

ಕಳೆದ ಏಪ್ರಿಲ್‌ನಲ್ಲಿ ತಿಕೋಟಾದ ನಮ್ಮ ಹೊಲದಲ್ಲಿ ಒಣದ್ರಾಕ್ಷಿ ಶೆಡ್ಡಿನ ಫೋಟೋ ತೆಗೆಯುತ್ತಿದ್ದಾಗ ಅಕಾಲಿಕ ಮಳೆ ಬಂತು. ರ‍್ಯಾಕಿನ ಮೇಲೆ ಹಾಕಿದ ದ್ರಾಕ್ಷಿ ನೆನೆದರೆ ವರ್ಷದ ದುಡಿಮೆಯೇ ಹೋದಂತೆ. ಮನೆಮಂದಿಯೆಲ್ಲ ತಾಡಪತ್ರಿ ಹಿಡಿದು ಓಡಿದೆವು. ಅರ್ಧ ಗಂಟೆ ಬಿಟ್ಟು ತಿರುಗಿ ನೋಡಿದರೆ, ಕ್ರೇಟಿನ ಮೇಲೆ ನಾನು ಬಿಟ್ಟುಹೋಗಿದ್ದ ಡಿಎಸ್‌ಎಲ್‌ಆರ್ ನೀರು ಕುಡಿದು ಕೂತಿತ್ತು. ಅದಕ್ಕೆ ಹಾಕಿದ್ದ 18–55 ಲೆನ್ಸೂ ಹೋಯಿತು. ಚೀಲದಲ್ಲಿದ್ದ 50 ಎಂಎಂ ಲೆನ್ಸ್ ಮಾತ್ರ ಬದುಕಿತು. ತಪ್ಪು ಪೂರ್ತಿ ನನ್ನದೇ.

ವಿಜಯಪುರದ ರಿಪೇರಿ ಅಂಗಡಿಯವರು ಬಿಚ್ಚಿ ನೋಡಿ, ‘ಬೋರ್ಡ್ ಹೋಗೇದ ತಮ್ಮಾ. ಹಾಕಿದ್ರ ಹಾಕಬಹುದು, ಆದ್ರ ಅದರ ರೊಕ್ಕದಾಗ ಇಂಥದ ಹಳೇದೊಂದು ಬರತದ’ ಎಂದರು. ಮನೆಗೆ ಬಂದು ಹೇಳಿದರೆ ಅಪ್ಪ ಒಂದೇ ಮಾತು ಕೇಳಿದ: ‘ಫೋಟೋ ತಗ್ಯಾಕ ಕೈಯಾಗ ಫೋನ್ ಐತಲ್ಲೋ?’

ಅಪ್ಪನ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇಡೀ ಕ್ಯಾಮೆರಾ ಉದ್ಯಮವನ್ನು ಅಲುಗಾಡಿಸಿದ್ದೇ ಈ ಪ್ರಶ್ನೆ. ಜಪಾನಿನ ಕ್ಯಾಮೆರಾ ತಯಾರಕರ ಸಂಘವಾದ ‘ಸಿಪಾ’ದ ಲೆಕ್ಕದ ಪ್ರಕಾರ 2010ರಲ್ಲಿ ಅಲ್ಲಿನ ಕಂಪನಿಗಳು ಜಗತ್ತಿಗೆ ಕಳಿಸಿದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. 2023ರಲ್ಲಿ ಅದು 80 ಲಕ್ಷಕ್ಕಿಂತ ಕೆಳಗೆ ಬಂತು. ಇಷ್ಟು ಗಿರಾಕಿಗಳು ಕೈಬಿಟ್ಟಾಗ ಕಂಪನಿಗಳು ಹಿಡಿದ ದಾರಿ ಸರಳ: ಅಗ್ಗದ್ದನ್ನು ಕಡಿಮೆ ಮಾಡು, ದುಬಾರಿಯದನ್ನು ಮಾರು. ಅವರ ವ್ಯಾಪಾರಕ್ಕೆ ಅದು ಸರಿಯೇ ಇರಬಹುದು. ಆದರೆ ಮೊದಲ ಕ್ಯಾಮೆರಾ ಕೊಳ್ಳುವ ವಿದ್ಯಾರ್ಥಿಗೂ, ನನ್ನಂತೆ ಕೆಟ್ಟದ್ದರ ಬದಲಿಗೆ ಇನ್ನೊಂದನ್ನು ಹುಡುಕುವವನಿಗೂ ಕೆಳಗಿನ ಮೆಟ್ಟಿಲೇ ಸವೆದುಹೋಗಿದೆ.

ಡಿಎಸ್‌ಎಲ್‌ಆರ್‌ಗೆ ಆಗಿದ್ದೂ ಇದೇ. ಅದರೊಳಗಿನ ಕನ್ನಡಿಯನ್ನು ತೆಗೆದುಹಾಕಿದ ಮಿರರ್‌ಲೆಸ್ ಕ್ಯಾಮೆರಾಗಳು 2020ರಲ್ಲಿ ಸಂಖ್ಯೆಯಲ್ಲಿ ಡಿಎಸ್‌ಎಲ್‌ಆರ್‌ಗಳನ್ನು ಹಿಂದೆ ಹಾಕಿದವು. 2021ರಲ್ಲಿ ಸೋನಿ ತನ್ನ ಹಳೆಯ ಎ-ಮೌಂಟ್ ಕ್ಯಾಮೆರಾಗಳನ್ನು ನಿಲ್ಲಿಸಿತು. ಅದೇ ವರ್ಷದ ಕೊನೆಗೆ ಕ್ಯಾನನ್ ಮುಖ್ಯಸ್ಥರು 1ಡಿಎಕ್ಸ್ ಮಾರ್ಕ್ 3 ತಮ್ಮ ಕೊನೆಯ ಉನ್ನತ ದರ್ಜೆಯ ಡಿಎಸ್‌ಎಲ್‌ಆರ್ ಎಂದರು. 2022ರಲ್ಲಿ ನಿಕಾನ್‌ನ ಡಿ3500, ಡಿ5600 ಎರಡೂ ಪಟ್ಟಿಯಿಂದ ಮರೆಯಾದವು. ನಮ್ಮ ಕಾಲೇಜಿನ ಎಷ್ಟೋ ಹುಡುಗರು ಕಲಿತದ್ದು ಈ ಎರಡು ಕ್ಯಾಮೆರಾಗಳ ಮೇಲೆಯೇ. ಕ್ಯಾನನ್ 1500ಡಿಯಂಥದ್ದು ಅಂಗಡಿಯಲ್ಲಿ ಹೊಸದಾಗಿಯೇ ಸಿಕ್ಕರೂ ಅದು 2018ರ ಮಾದರಿ.

ತೆರಿಗೆಯ ಕಡೆಯಿಂದಾದರೂ ಸಮಾಧಾನ ಸಿಕ್ಕೀತೇ ಎಂದರೆ ಅದೂ ಇಲ್ಲ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಇಳಿದಾಗ ‘ಇನ್ನೇನು ಕ್ಯಾಮೆರಾನೂ ಸಸ್ತಾ ಆಗತದ’ ಎಂದು ಗೆಳೆಯರ ಗುಂಪಿನಲ್ಲಿ ಸಂದೇಶಗಳು ಓಡಾಡಿದವು. ಆದದ್ದು ಬೇರೆ. ಎಸಿ ಮತ್ತು ದೊಡ್ಡ ಟಿವಿಗಳು ಶೇ 28ರಿಂದ 18ಕ್ಕೆ ಇಳಿದವು. ಕ್ಯಾಮೆರಾ 2019ರ ಜನವರಿಯಿಂದಲೇ ಶೇ 18ರಲ್ಲಿತ್ತು, ಅಲ್ಲೇ ಉಳಿಯಿತು. ಅಂದರೆ 50 ಸಾವಿರದ ಕ್ಯಾಮೆರಾಗೆ 9 ಸಾವಿರ ತೆರಿಗೆ. ಮೊಬೈಲಿಗೂ ಶೇ 18ರ ದರವೇ ಇದೆ, ಹಾಗಾಗಿ ಬರೀ ಜಿಎಸ್‌ಟಿಯನ್ನು ದೂರುವುದು ನ್ಯಾಯವಲ್ಲ. ವ್ಯತ್ಯಾಸ ಇರುವುದು ಅದಕ್ಕೂ ಹಿಂದೆ. ಮೊಬೈಲ್ ನಮ್ಮ ದೇಶದಲ್ಲೇ ಜೋಡಣೆಯಾಗುತ್ತದೆ. ಅದರ ಕ್ಯಾಮೆರಾಗೆ ಬೇಕಾದ ಲೆನ್ಸಿನ ಆಮದು ಸುಂಕಕ್ಕೆ 2023ರ ಬಜೆಟ್ಟಿನಲ್ಲೇ ವಿನಾಯಿತಿ ಸಿಕ್ಕಿತು. ನಮ್ಮ ಹೆಗಲಿಗೆ ಬೀಳುವ ಕ್ಯಾಮೆರಾ ಮಾತ್ರ ಹೊರಗಿನಿಂದಲೇ ಬರಬೇಕು.

ಹಾಗಾದರೆ ಏನು ಕೊಳ್ಳಬೇಕು? ಮೂರು ತಿಂಗಳು ತಲೆ ಕೆಡಿಸಿಕೊಂಡ ಮೇಲೆ ನನಗೆ ದಾರಿ ತೋರಿಸಿದ್ದು ಅಪ್ಪನ ಪ್ರಶ್ನೆಯೇ. ಅದನ್ನು ಸ್ವಲ್ಪ ತಿರುಗಿಸಿ ಕೇಳಿಕೊಂಡೆ: ಫೋನಿನ ಕೈಲಿ ಏನು ಆಗುವುದಿಲ್ಲ? ದುಡ್ಡು ಹೋಗಬೇಕಾದದ್ದು ಅಲ್ಲಿಗೆ.

ಗೋಳಗುಮ್ಮಟದಲ್ಲಿ ಇದನ್ನು ಪರೀಕ್ಷಿಸಿದೆ. ಒಳಗಿನ ನೆಲದಲ್ಲಿ ನಿಂತು ಮೇಲೆ ನೋಡಿದರೆ ಸುಮಾರು 38 ಮೀಟರ್ ಅಗಲದ ಗುಮ್ಮಟ. 18–55 ಲೆನ್ಸನ್ನು 18ಕ್ಕೆ ಇಟ್ಟರೂ ಅದರ ಬುಡದ ವೃತ್ತ ಚೌಕಟ್ಟಿಗೆ ಪೂರ್ತಿ ಬರುವುದಿಲ್ಲ. 10 ಎಂಎಂ ಆಸುಪಾಸಿನ ಅಗಲ ಲೆನ್ಸ್ ಬೇಕು. ಒಳಗೆ ಬೆಳಕು ಕಡಿಮೆ. ಟ್ರೈಪಾಡ್ ಇಡಬೇಕೆಂದರೆ ಪುರಾತತ್ವ ಇಲಾಖೆಯ ಪ್ರತ್ಯೇಕ ಅನುಮತಿ ಬೇಕು. ಮೊದಲಾಗಿದ್ದರೆ ಅಗಲ ಲೆನ್ಸಿಗೇ ಹಣ ಸುರಿಯುತ್ತಿದ್ದೆ. ಆದರೆ ಗೆಳೆಯನ ಸಾಧಾರಣ ಫೋನು ಅಗಲ ಕೋನದಲ್ಲಿ, ನೈಟ್ ಮೋಡಿನಲ್ಲಿ ಹಲವು ಫ್ರೇಮುಗಳನ್ನು ಒಂದರ ಮೇಲೊಂದು ಸೇರಿಸಿ ಚೊಕ್ಕ ಚಿತ್ರ ಕೊಟ್ಟಿತು. ಮನಸ್ಸಿಗೆ ಸ್ವಲ್ಪ ಕಸಿವಿಸಿಯಾಯಿತು, ನಿಜ. ಆದರೆ ಕಟ್ಟಡ ಅಲುಗಾಡುವುದಿಲ್ಲವಲ್ಲ! 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿ ಕಾಗದದ ನೆಗೆಟಿವ್ ಬಳಸಿಯೇ ಈ ಊರಿನ ಸ್ಮಾರಕಗಳನ್ನು ಸೆರೆಹಿಡಿದಿದ್ದ. ಅವನ ಮತ್ತು ಮೇಜರ್ ಲಾಕ್‌ನ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಅಲುಗಾಡದ ವಸ್ತುವಿಗೆ ಅವಸರದ ಕ್ಯಾಮೆರಾ ಬೇಕಿಲ್ಲ.

ಅಲುಗಾಡುವ ವಸ್ತುವಿನ ಕಥೆಯೇ ಬೇರೆ. ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆಯಲ್ಲಿ ಸಂಜೆಗತ್ತಲಲ್ಲಿ ನಂದಿಧ್ವಜ ಹೊತ್ತವರು ಹೆಜ್ಜೆ ಹಾಕುತ್ತಾರೆ. ಫೋನು ಅಲ್ಲೂ ಫ್ರೇಮುಗಳನ್ನು ಸೇರಿಸಲು ಹೋಗಿ ಮುಖಗಳನ್ನು ಕಲಸಿಬಿಡುತ್ತದೆ. 18–55 ಲೆನ್ಸು 55ರಲ್ಲಿ ಎಫ್ 5.6ಕ್ಕಿಂತ ಹೆಚ್ಚು ತೆರೆದುಕೊಳ್ಳದು. 50 ಎಂಎಂ ಎಫ್ 1.8 ಲೆನ್ಸು ಒಳಬಿಡುವ ಬೆಳಕು ಅದರ ಸುಮಾರು ಹತ್ತುಪಟ್ಟು. ಅಲ್ಲಿ ಸೆಕೆಂಡಿನ 20ನೇ ಒಂದು ಭಾಗ ಬೇಕಾಗಿದ್ದ ಚಿತ್ರ ಇಲ್ಲಿ 200ನೇ ಒಂದು ಭಾಗದಲ್ಲಿ ಮುಗಿಯುತ್ತದೆ. ಹೆಜ್ಜೆ ಹೆಜ್ಜೆಯಾಗಿಯೇ ನಿಲ್ಲುತ್ತದೆ. ಮಳೆಯಿಂದ ಬದುಕಿ ಉಳಿದದ್ದು ಇದೇ ಲೆನ್ಸು ಎಂಬುದು ನನ್ನ ಪುಣ್ಯ.

ಇನ್ನು ದೂರದ್ದು. ಭೂತನಾಳ ಕೆರೆಯ ದಂಡೆಯಲ್ಲೋ, ಬಬಲೇಶ್ವರ ತಾಲ್ಲೂಕಿನ ಮಮದಾಪುರದ ಆದಿಲ್‌ಶಾಹಿ ಕೆರೆಯ ಏರಿಯ ಮೇಲೋ ನಿಂತು ಫೋನಿನಲ್ಲಿ ಕೊಕ್ಕರೆ ತೆಗೆದವರಿಗೆ ಗೊತ್ತು, ಬರುವುದು ಬಿಳಿ ಚುಕ್ಕೆ. ಅದಕ್ಕೆ ಕನಿಷ್ಠ 300 ಎಂಎಂ ಬೇಕು. ನಮ್ಮಂಥವರ ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ ಅದು 450ರಷ್ಟು ಹತ್ತಿರ ಎಳೆಯುತ್ತದೆ. ಹೀಗೆ ನನ್ನ ಪಟ್ಟಿಯಲ್ಲಿ ಉಳಿದದ್ದು ಎರಡೇ: ಒಂದು 70–300, ಮತ್ತು ಇದ್ದ ಲೆನ್ಸಿಗೆ ಹೊಂದುವ ಒಂದು ಬಾಡಿ.

ಲೆನ್ಸಿನ ಪಟ್ಟಿ ಮೊದಲು ಮಾಡಿದ್ದರಿಂದಲೇ ಬಾಡಿಯ ಪ್ರಶ್ನೆ ಸುಲಭವಾಯಿತು. ಅಂಗಡಿಗೆ ಹೋದರೆ ಎಷ್ಟು ಮೆಗಾಪಿಕ್ಸೆಲ್ ಎಂಬಲ್ಲಿಂದ ಮಾತು ಶುರುವಾಗುತ್ತದೆ. ನೀವು ಕೇಳಬೇಕಾದದ್ದು ಮೌಂಟ್ ಯಾವುದು ಎಂದು. ಬಾಡಿ ಐದಾರು ವರ್ಷಕ್ಕೆ ಹಳತಾಗುತ್ತದೆ, ಒಳ್ಳೆಯ ಲೆನ್ಸು ಅದಕ್ಕಿಂತ ಬಹಳ ಹೆಚ್ಚು ಬಾಳುತ್ತದೆ. ನಿಕಾನ್‌ನ ಎಫ್ ಮೌಂಟ್ 1959ರದು, ಕ್ಯಾನನ್‌ನ ಇಎಫ್ 1987ರದು. ಎರಡೂ ಕಂಪನಿಗಳು 2018ರಲ್ಲಿ ಮಿರರ್‌ಲೆಸ್‌ಗೆ ಹೊಸ ಮೌಂಟ್ ತಂದವು. ಹಳೆಯ ಇಎಫ್ ಲೆನ್ಸುಗಳು ಅಡಾಪ್ಟರ್ ಹಾಕಿದರೆ ಕ್ಯಾನನ್‌ನ ಹೊಸ ಬಾಡಿಗಳಲ್ಲಿ ಫೋಕಸ್ ಸಮೇತ ಕೆಲಸ ಮಾಡುತ್ತವೆ. ನಿಕಾನ್‌ನಲ್ಲಿ ಮಾತ್ರ ಒಂದು ಎಚ್ಚರ ಬೇಕು: ಒಳಗೇ ಮೋಟಾರ್ ಇರುವ ಎಎಫ್-ಎಸ್ ಲೆನ್ಸುಗಳು ಎಫ್‌ಟಿಜೆಡ್ ಅಡಾಪ್ಟರಿನಲ್ಲಿ ತಾವೇ ಫೋಕಸ್ ಮಾಡುತ್ತವೆ, ಮೋಟಾರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸುಗಳನ್ನು ಕೈಯಿಂದಲೇ ತಿರುಗಿಸಬೇಕು. ಆದ್ದರಿಂದ ಇವತ್ತು ಹಳೆಯ ಮೌಂಟಿಗೆ ಒಳ್ಳೆಯ ಲೆನ್ಸು ಕೊಂಡರೆ ಆ ದುಡ್ಡು ಮುಂದಿನ ಕ್ಯಾಮೆರಾಗೂ ಜತೆಗೆ ಬರುತ್ತದೆ.

ಮಿರರ್‌ಲೆಸ್ ಬೇಡ ಎಂದು ನಾನು ಹೇಳುತ್ತಿಲ್ಲ. ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಫೋಕಸ್ ಹಿಡಿಯುವ ಹೊಸ ಬಾಡಿಗಳ ಚುರುಕು ಹಳೆಯ ಡಿಎಸ್‌ಎಲ್‌ಆರ್‌ಗೆ ಬಾರದು. ವಿಡಿಯೊ ನಿಮ್ಮ ಮುಖ್ಯ ಕೆಲಸವಾಗಿದ್ದರೆ ಎರಡನೇ ಯೋಚನೆಯೇ ಬೇಡ, ಅದನ್ನೇ ಕೊಳ್ಳಿ. 2024ರಿಂದ ಕ್ಯಾನನ್‌ನ ಹೊಸ ಮೌಂಟಿಗೆ ಸಿಗ್ಮಾ, ಟ್ಯಾಮ್ರಾನ್ ಲೆನ್ಸುಗಳು ಬರತೊಡಗಿರುವುದರಿಂದ ಆಯ್ಕೆಯೂ ಹೆಚ್ಚಿದೆ. ಆದರೆ ಡಿ3500ರ ಬ್ಯಾಟರಿ ಒಂದು ಚಾರ್ಜಿಗೆ 1,550 ಚಿತ್ರ ಎಂದು ಕಂಪನಿ ಹೇಳಿತ್ತು. ಆರಂಭಿಕ ದರ್ಜೆಯ ಮಿರರ್‌ಲೆಸ್‌ಗಳು ಮುನ್ನೂರು ನಾನೂರಕ್ಕೆ ಸುಸ್ತಾಗುತ್ತವೆ. ಜಾತ್ರೆಯ ರಾತ್ರಿಯಿಡೀ ನಿಲ್ಲುವವನು ಹೆಚ್ಚುವರಿ ಬ್ಯಾಟರಿಯ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬಾಡಿ ಹುಡುಕುತ್ತ ಬಬಲೇಶ್ವರಕ್ಕೆ ಹೋದೆ. ಅಲ್ಲಿ ಮದುವೆ ಫೋಟೋ ತೆಗೆಯುವ ಪರಿಚಯದ ಅಣ್ಣನೊಬ್ಬ ಮಿರರ್‌ಲೆಸ್‌ಗೆ ಬದಲಾಗಿ ಹಳೆಯದನ್ನು ಮಾರಲು ಇಟ್ಟಿದ್ದ. ‘ಮದುವಿ ಮಂದಿ ಈಗ ಅಲ್ಬಮ್ ಕೇಳಂಗಿಲ್ಲ ತಮ್ಮಾ, ರೀಲ್ಸ್ ಕೇಳ್ತಾರ. ಇದು ಸುಮ್ಮನ ಕುಂತದ’ ಎಂದ. ಇಂಥ ಸುಮ್ಮನೆ ಕುಳಿತ ಕ್ಯಾಮೆರಾಗಳು ಈಗ ಊರೂರಲ್ಲಿವೆ. ಹವ್ಯಾಸಿಗಳಿಗೆ ಉಳಿದಿರುವ ಕೆಳಗಿನ ಮೆಟ್ಟಿಲು ಎಂದರೆ ಸದ್ಯಕ್ಕೆ ಇವೇ. ಆದರೆ ಕಣ್ಣು ಮುಚ್ಚಿ ಕೊಳ್ಳುವಂತಿಲ್ಲ. ಮದುವೆ ಕ್ಯಾಮೆರಾ ಒಂದೇ ರಾತ್ರಿಯಲ್ಲಿ ಸಾವಿರಾರು ಸಲ ಶಟರ್ ಬಡಿದಿರುತ್ತದೆ. ಆರಂಭಿಕ ದರ್ಜೆಯ ಬಾಡಿಗಳ ಶಟರನ್ನು ಸುಮಾರು ಒಂದು ಲಕ್ಷ ಸಲಕ್ಕೆ ಪರೀಕ್ಷಿಸಿರುತ್ತಾರೆ. ಹಲವು ಮಾದರಿಗಳಲ್ಲಿ ಹೊಸದಾಗಿ ತೆಗೆದ ಒಂದು ಚಿತ್ರದ ಮಾಹಿತಿಯಿಂದಲೇ ಈವರೆಗಿನ ಎಣಿಕೆ ತಿಳಿಯುತ್ತದೆ. ಎಣಿಕೆ ನೋಡದೆ ಮುಂಗಡ ಕೊಡಬೇಡಿ.

ಲೆನ್ಸಿಗೆ ಬೇರೆ ಪರೀಕ್ಷೆ. ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ: ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ತೇವದಲ್ಲಿ ಬೆಳೆಯುವಂಥದ್ದು. ಕರಾವಳಿ, ಮಲೆನಾಡಿನಿಂದ ಕೊರಿಯರ್‌ನಲ್ಲಿ ತರಿಸುವ ಹಳೆಯ ಲೆನ್ಸಿಗೆ ಈ ಭಯ ಹೆಚ್ಚು. ನಮ್ಮ ಒಣ ಹವೆ ದ್ರಾಕ್ಷಿ ಒಣಗಿಸುವುದಕ್ಕಷ್ಟೇ ಅಲ್ಲ, ಲೆನ್ಸು ಕಾಪಾಡುವುದಕ್ಕೂ ಒಳ್ಳೆಯದು ಎನ್ನಬೇಕು. ಇಲ್ಲಿನ ಶತ್ರು ಧೂಳು. ಜೂಮ್ ತಿರುಗಿಸುವಾಗ ಕರಕರ ಸದ್ದು ಬಂದರೆ ಬಿಟ್ಟುಬಿಡಿ. ಇನ್ನು ಆನ್‌ಲೈನಿನಲ್ಲಿ ಬಿಲ್ಲಿಲ್ಲದೆ ಅಗ್ಗಕ್ಕೆ ಸಿಗುವ ಹೊಸ ಕ್ಯಾಮೆರಾಗಳಿಗೆ ಕಂಪನಿಯ ಭಾರತದ ವಾರಂಟಿ ಇರುವುದಿಲ್ಲ. ಕೆಟ್ಟರೆ ನನ್ನ ಗತಿಯೇ.

ಅಣ್ಣನ ಬಾಡಿಯ ಎಣಿಕೆ 41 ಸಾವಿರ ಇತ್ತು. ನನ್ನ 50 ಎಂಎಂ ಹಾಕಿ ಅವನ ಅಂಗಡಿಯ ಮುಂದೆ ಚಹಾ ಸೋಸುವವನ ನಾಲ್ಕು ಚಿತ್ರ ತೆಗೆದೆ. ಬಾಡಿಯ ಮೇಲೆ 70–300 ಸೇರಿಸಿ ಅವನು ಹೇಳಿದ ಬೆಲೆ, ಕಿಟ್ ಲೆನ್ಸಿನ ಹೊಸ ಮಿರರ್‌ಲೆಸ್‌ನ ಅರ್ಧಕ್ಕಿಂತ ಕಡಿಮೆ. ಅಪ್ಪನಿಗೆ ಆ ನಾಲ್ಕು ಚಿತ್ರ ತೋರಿಸಿದೆ. ಫೋನಿನಲ್ಲಿ ತೆಗೆದದ್ದನ್ನೂ ಪಕ್ಕದಲ್ಲಿಟ್ಟೆ. ಎರಡನ್ನೂ ಬಹಳ ಹೊತ್ತು ನೋಡಿ, ‘ಮಾಲು ಇನ್ನೂ ಕೋಲ್ಡ್ ಸ್ಟೋರೇಜಿನಾಗ ಐತಿ. ತಾಸಗಾಂವದ ರೇಟ್ ನೋಡೂಣು’ ಎಂದ. ಅಲ್ಲಿಯವರೆಗೆ ಬೇರೆ ಯಾರಿಗೂ ಕೊಡುವುದಿಲ್ಲ ಎಂದು ಬಬಲೇಶ್ವರದ ಅಣ್ಣ ಮಾತು ಕೊಟ್ಟಿದ್ದಾನೆ.