ಊರಿನ ಹೆಸರು, ಪರವೂರಿನ ಆಟ

ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯವರು 2022ರಿಂದ ನಡೆಯಿಸುತ್ತ ಬಂದಿರುವ ಇಪ್ಪತ್ತು ಓವರುಗಳ ಮಹಾರಾಜ ಟ್ರೋಫಿ ಪಂದ್ಯಾವಳಿಯ ವಿಷಯವು ವಾಚಕರಿಗೆ ತಿಳಿದೇ ಇದೆ. ಸಾಹಿತ್ಯಪತ್ರಿಕೆಯಲ್ಲಿ ಚೆಂಡುದಾಂಡುಗಳ ಮಾತೇಕೆಂದು ಕೆಲವರು ಹುಬ್ಬೇರಿಸಬಹುದು. ಆದರೆ ಇಲ್ಲಿ ಜಿಲ್ಲೆಗಳ ಹೆಸರಿನ ಪ್ರಶ್ನೆಯಿರುವುದರಿಂದ, ಜಿಲ್ಲೆಯ ಸಂಘದ ಪತ್ರಿಕೆಯು ಮೌನವಾಗಿರುವುದು ಉಚಿತವಲ್ಲ.

ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಗುಲ್ಬರ್ಗ, ಮಂಗಳೂರು, ಶಿವಮೊಗ್ಗ ಎಂಬ ಆರು ಊರುಗಳ ಹೆಸರಿನಲ್ಲಿ ಆರು ತಂಡಗಳು ಸೆಣಸುತ್ತವೆ. 2022ರಲ್ಲಿ ಗುಲ್ಬರ್ಗದ ತಂಡವೂ, 2023ರಲ್ಲಿ ಹುಬ್ಬಳ್ಳಿಯದೂ, 2024ರಲ್ಲಿ ಮೈಸೂರಿನದೂ, 2025ರಲ್ಲಿ ಮಂಗಳೂರಿನದೂ ಗೆದ್ದವು. ಕೇಳುವುದಕ್ಕೆ ಎಷ್ಟು ಇಂಪಾದ ಪಟ್ಟಿ! ಆದರೆ ಈ ಆಟಗಳು ನಡೆದುದೆಲ್ಲಿ? ಮೊದಲ ವರ್ಷ ಮೈಸೂರು ಬೆಂಗಳೂರುಗಳಲ್ಲಿ. ಮುಂದಿನ ಎರಡು ವರ್ಷ ಬೆಂಗಳೂರೊಂದರಲ್ಲಿಯೇ. ಬೆಂಗಳೂರಿನ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡ ಘೋರ ಘಟನೆಯ ತರುವಾಯ, 2025ರಲ್ಲಿ ಮೈಸೂರಿನಲ್ಲಿ. ಅಂದರೆ ಈ ನಾಲ್ವರು ವಿಜಯಿಗಳೂ ಗೆದ್ದ ವರ್ಷದಲ್ಲಿ ತಮ್ಮ ಊರಿನ ಮಣ್ಣನ್ನು ಮೆಟ್ಟದೆಯೇ ಆ ಊರಿನ ಕೀರ್ತಿಯನ್ನು ಗಳಿಸಿದರು. 2024ರ ಆಗಸ್ಟ್ 23ರಂದು ಹುಬ್ಬಳ್ಳಿ ಬೆಂಗಳೂರುಗಳ ತಂಡಗಳು ತಲಾ 164 ಓಟಗಳಲ್ಲಿ ಸರಿಸಮವಾಗಿ, ಮೂರು ಸೂಪರ್ ಓವರುಗಳಾದ ಮೇಲೆ ಹುಬ್ಬಳ್ಳಿಯು ಗೆದ್ದಿತು. ಅಂಥ ಅಪೂರ್ವ ಪಂದ್ಯವನ್ನು ಹುಬ್ಬಳ್ಳಿಯ ಹುಡುಗನು ಕಂಡುದು ಪರದೆಯ ಮೇಲೆ ಮಾತ್ರ.

ಇದಕ್ಕೆ ಪೂರ್ವಪಕ್ಷವುಂಟು: ತಂಡಗಳನ್ನೂ ದೂರದರ್ಶನದ ಯಂತ್ರಗಳನ್ನೂ ಊರಿಂದೂರಿಗೆ ಸಾಗಿಸಲು ಹಣವೂ ಕಾಲವೂ ಸಾಲವು; ಎರಡು ವಾರಗಳ ಆಟಕ್ಕೆ ಒಂದೇ ಅಂಗಳವು ಸಾಕು ಎಂದು. ಈ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳೆವು. ಆದರೆ 2009ರಲ್ಲಿ ಆರಂಭವಾದ ಹಿಂದಿನ ಕರ್ನಾಟಕ ಪ್ರೀಮಿಯರ್ ಲೀಗಿನ ಪಂದ್ಯಗಳು ಹುಬ್ಬಳ್ಳಿಯ ರಾಜನಗರದ ಅಂಗಳದಲ್ಲಿಯೂ ನಡೆದಿದ್ದವು. ಅಂದು ಸಾಗಿದ ಯಂತ್ರಗಳು ಇಂದೇಕೆ ಸಾಗವು? ನೆರೆಯ ತಮಿಳುನಾಡಿನವರು 2016ರಲ್ಲಿ ತೊಡಗಿದ ತಮ್ಮ ಪಂದ್ಯಾವಳಿಯನ್ನು ದಿಂಡಿಗಲ್ಲು, ತಿರುನೆಲ್ವೇಲಿ, ಸೇಲಂ, ಕೊಯಮತ್ತೂರುಗಳಿಗೂ ಕೊಂಡೊಯ್ದಿದ್ದಾರೆ. ಶಿವಮೊಗ್ಗದ ನವಿಲೆಯ ಅಂಗಳದಲ್ಲಿ ನಾಲ್ಕು ದಿನಗಳ ರಣಜಿ ಪಂದ್ಯವು ನಡೆಯಬಹುದಾದರೆ, ಮೂರೂವರೆ ಗಂಟೆಯ ಆಟವು ನಡೆಯಲಾರದೆ? ದೀಪಗಳಿಲ್ಲವಾದರೆ ಹಗಲಿನಲ್ಲಿ ಆಡಲಿ. ಸೂರ್ಯನು ಬಾಡಿಗೆಯನ್ನು ಕೇಳುವುದಿಲ್ಲ.

ಇನ್ನೊಂದು ಮಾತು ಗಂಭೀರವಾದುದು. 2019ರಲ್ಲಿ ಜೂಜು ಮತ್ತು ಮೋಸದಾಟದ ಆಪಾದನೆಯ ಮೇಲೆ ಆ ಹಳೆಯ ಲೀಗಿನ ತಂಡದ ಒಡೆಯರೊಬ್ಬರನ್ನೂ ಆಟಗಾರರನ್ನೂ ಪೋಲೀಸರು ಬಂಧಿಸಿದರು. ಲೀಗು ಅಲ್ಲಿಗೆ ನಿಂತಿತು. 2022ರಲ್ಲಿ ಉಚ್ಚ ನ್ಯಾಯಾಲಯವು, ಆಟವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ದಂಡಸಂಹಿತೆಯ ವಂಚನೆಯ ಅಪರಾಧವಾಗದೆಂದು ಆ ಮೊಕದ್ದಮೆಯನ್ನು ರದ್ದುಮಾಡಿತು. ಕಾನೂನಿನ ಕೈ ಮೋಟಾಗಿರುವೆಡೆಯಲ್ಲಿ ಲೋಕಲಜ್ಜೆಯೇ ಕಾವಲು. ಆ ಲಜ್ಜೆಯು ಹುಟ್ಟುವುದು ನೆರೆಹೊರೆಯವರ ಕಣ್ಣೆದುರಿನಲ್ಲಿ. ಹರಾಜಿನಲ್ಲಿ ಕೊಂಡ ಆಟಗಾರನು, ತಾನು ಹೊತ್ತ ಹೆಸರಿನ ಊರನ್ನು ನೋಡದೆಯೇ ಆಡಿ ಹೋದರೆ, ಯಾರ ಮುಖಕ್ಕೆ ನಾಚಿಯಾನು? ಊರವರ ಕಣ್ಣೊಂದೇ ಮೋಸವನ್ನು ತಡೆದೀತೆಂದಲ್ಲ. ಆ ಕಣ್ಣೂ ಇಲ್ಲದಿರುವುದು ಅಪಾಯವೆಂದು ನಮ್ಮ ಅಭಿಪ್ರಾಯ.

ಗದಗಿನ ಸುನೀಲ ಜೋಶಿಯವರು ಎಳೆಯ ವಯಸ್ಸಿನಲ್ಲಿ ಅಭ್ಯಾಸಕ್ಕಾಗಿ ಹುಬ್ಬಳ್ಳಿಗೆ ಹೋಗಿಬರುತ್ತಿದ್ದರೆಂಬುದೂ, 1996ರಲ್ಲಿ ಭಾರತದ ಪರವಾಗಿ ಟೆಸ್ಟ್ ಆಡಿದರೆಂಬುದೂ ಪ್ರಸಿದ್ಧವಾಗಿದೆ. ಅಂಥ ಹುಡುಗರು ಇಂದಿಗೂ ನಮ್ಮ ಊರುಗಳಲ್ಲಿದ್ದಾರೆ. ಬೌಲರನ ಬೆರಳು ಚೆಂಡಿನ ಹೊಲಿಗೆಯ ಮೇಲೆ ಹೇಗೆ ಕೂರುತ್ತದೆಂಬುದನ್ನು ಅವರು ಬೇಲಿಯ ಬಳಿ ನಿಂತು ನೋಡಲಿ ಎಂಬುದಕ್ಕೇ ಅಲ್ಲವೆ ಜಿಲ್ಲೆಯ ಹೆಸರಿನ ತಂಡಗಳು?

ಆದಕಾರಣ ನಮ್ಮ ಬೇಡಿಕೆಯು ಅಲ್ಪವಾದುದು. ಪ್ರತಿಯೊಂದು ತಂಡವೂ ವರ್ಷಕ್ಕೆ ಎರಡು ಪಂದ್ಯಗಳನ್ನಾದರೂ ತನ್ನ ಊರಿನಲ್ಲಿ ಇಲ್ಲವೆ ಸಮೀಪದ ಊರಿನಲ್ಲಿ ಆಡಲಿ. ತಕ್ಕ ಅಂಗಳವಿಲ್ಲದಿದ್ದಲ್ಲಿ, ಆ ಹೆಸರಿನಿಂದ ಬಂದ ಹಣದಲ್ಲಿ ಮೊದಲು ಅಂಗಳವನ್ನು ಸಿದ್ಧಪಡಿಸಲಿ. ಇದಾವುದೂ ಸಾಧ್ಯವಿಲ್ಲವೆನ್ನುವುದಾದರೆ ತಂಡಗಳಿಗೆ ಹೂವುಗಳ ಹೆಸರನ್ನೋ ನಕ್ಷತ್ರಗಳ ಹೆಸರನ್ನೋ ಇಟ್ಟುಕೊಳ್ಳಲಿ, ನಮ್ಮ ಆಕ್ಷೇಪಣೆಯಿಲ್ಲ. ಹೆಸರನ್ನು ಕಡ ಕೊಟ್ಟವರು ಬಡ್ಡಿಯನ್ನು ಕೇಳುವುದು ತಪ್ಪಾಗಲಾರದು.