ಕಾಲೇಜು ಹುಡುಗರ ಕಬಡ್ಡಿಯೂ ಹರಾಜಿನ ತಕ್ಕಡಿಯೂ

ಕಳೆದ ಸಲ ಅರ್ಗಾಕ್ಕೆ ಹೋದಾಗ ಪಕ್ಕದ ಮನೆಯ ಹುಡುಗ ರಾತ್ರಿ ಊಟ ಮುಗಿಸಿ ಬಂದು ಜಗುಲಿ ಮೇಲೆ ಕೂತ. ಕಾರವಾರದಲ್ಲಿ ಬಿ.ಕಾಂ. ಕೊನೆ ವರ್ಷ. ಕಾಲೇಜು ಟೀಮಿನಲ್ಲಿ ಲೆಫ್ಟ್ ಕವರ್. ಸುಮಾರು ಹೊತ್ತು ಮೊಬೈಲು ತಿರುಗಿಸುತ್ತ ಕೂತವನು ಕೊನೆಗೆ ಬಾಯಿಬಿಟ್ಟ.

"ಅಣ್ಣಾ, ಬೆಂಗಳೂರಲ್ಲಿ ಪ್ರೊ ಕಬಡ್ಡಿ ಟ್ರಯಲ್ಸ್ ಇದೆಯಂತೆ. ಇತ್ಲಾಗೆ ಪರೀಕ್ಷೆನೂ ಬಂತು. ಹೋಗ್ಲೋ, ಬೇಡ್ವೋ?"

"ಅಪ್ಪ ಏನಂದ್ರು?"

"ಅಪ್ಪ ಬ್ಯಾಂಕ್ ಪರೀಕ್ಷೆಗೆ ಓದು ಅಂದ್ರು. ನಮ್ ಪಿ.ಟಿ. ಸರ್ ಹೋಗು ಅಂದ್ರು. ಅಮ್ಮ ನಿನ್ನ ಕೇಳು ಅಂತು."

ಒಳ್ಳೆ ಫಜೀತಿ! ನಾನು ಕಬಡ್ಡಿ ಆಡಿದ್ದು ಹೈಸ್ಕೂಲಿನ ತನಕ ಮಾತ್ರ, ಅದೂ ಹನ್ನೆರಡನೆಯ ಆಟಗಾರನಾಗಿ :-) ಆದರೆ ನೋಡಿದ್ದು ಮಾತ್ರ ಲೆಕ್ಕವಿಲ್ಲ. ಅಂಕೋಲೆ-ಕಾರವಾರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗದ್ದೆ ಕೊಯ್ಲು ಮುಗಿದರೆ ಸಾಕು, ಹೊನಲು ಬೆಳಕಿನ ಕಬಡ್ಡಿ ಶುರು. ಹಾಗಾಗಿ ಅವನಿಗೆ ಆ ರಾತ್ರಿ ಉತ್ತರ ಹೇಳದಿದ್ದರೂ ಆಮೇಲೆ ನಾಲ್ಕೈದು ದಿನ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಒಬ್ಬ ಕಾಲೇಜು ಹುಡುಗ ದೊಡ್ಡ ಆಟಕ್ಕೆ ಆಗುತ್ತಾನೋ ಇಲ್ಲವೋ ಅಂತ ಯಾರು, ಎಲ್ಲಿ ನಿಂತು, ಏನನ್ನು ನೋಡಿ ಹೇಳುತ್ತಾರೆ?

ಅದಕ್ಕೂ ಒಂದು ವಾರ ಮೊದಲು ಇದೇ ಹುಡುಗ ಆಡಿದ್ದನ್ನು ನೋಡಿದ್ದೆ. ಎದುರು ಟೀಮಿನ ಮುಖ್ಯ ರೈಡರ್ ಒಳ್ಳೆ ಚಿರತೆಯಂಥವನು. ಮೊದಲ ಮೂರು ರೈಡಿನಲ್ಲಿ ಎರಡು ಸಲ ಇವನ ಬದಿಗೆ ಬಂದ. ಒಂದು ಸಲ ಇವನು ಡ್ಯಾಶ್ ಹೊಡೆದು ಅಂಕಣದಾಚೆ ಹಾಕಿದ. ಇನ್ನೊಂದು ಸಲ ಕಾರ್ನರಿನವನು ಕಾಲು ಹಿಡಿದಾಗ ಇವನು ಮೇಲಿಂದ ಮುಚ್ಚಿದ. ಅಷ್ಟೆ. ಅಲ್ಲಿಂದ ಪಂದ್ಯ ಮುಗಿಯುವ ತನಕ ಆ ರೈಡರ್ ಇವನ ಬದಿಗೆ ಬರಲೇ ಇಲ್ಲ! ಅರ್ಧ ಅಂಕಣದಲ್ಲೇ ಆಡಿದ, ಸೋತ. ಸ್ಕೋರ್ ಶೀಟಿನಲ್ಲಿ ನಮ್ಮ ಹುಡುಗನ ಹೆಸರಿನ ಮುಂದೆ ಎಷ್ಟು ಅಂಕ ಹೇಳಿ? ಎರಡು. ಕೊನೆಗೆ 'ಉತ್ತಮ ದಾಳಿಗಾರ', 'ಉತ್ತಮ ಹಿಡಿತಗಾರ', 'ಸವ್ಯಸಾಚಿ' ಅಂತ ಮೂರು ಟ್ರೋಫಿ ಕೊಟ್ಟರು. ಮೂರೂ ಬೇರೆಯವರಿಗೆ ಹೋಯಿತು.

ಈಗ ಪ್ರೊ ಕಬಡ್ಡಿ ಕಡೆಗೆ ಬರೋಣ. 2014ರಲ್ಲಿ ಲೀಗ್ ಶುರುವಾದಾಗ ಮೊದಲ ಹರಾಜಿನಲ್ಲಿ ಎಲ್ಲರಿಗಿಂತ ಹೆಚ್ಚು ಬೆಲೆ ಬಂದದ್ದು ರಾಕೇಶ್ ಕುಮಾರ್‌ಗೆ, 12.80 ಲಕ್ಷ. 2023ರಲ್ಲಿ ಪವನ್ ಸೆಹ್ರಾವತ್‌ಗೆ 2.605 ಕೋಟಿ! ಇದು ಟೀವಿಯಲ್ಲಿ ಬರುವ ಸುದ್ದಿ. ನಮ್ಮ ಹುಡುಗನ ದಾರಿ ಬೇರೆ. 2017ರಲ್ಲಿ ಲೀಗಿನವರು ಫ್ಯೂಚರ್ ಕಬಡ್ಡಿ ಹೀರೋಸ್ ಅಂತ ಊರೂರಲ್ಲಿ ಆಯ್ಕೆ ಶಿಬಿರ ಶುರು ಮಾಡಿದರು. ಹದಿನೆಂಟರಿಂದ ಇಪ್ಪತ್ತೆರಡರ ಹುಡುಗರಿಗೆ. ಅಲ್ಲಿಂದ 'ನ್ಯೂ ಯಂಗ್ ಪ್ಲೇಯರ್' ಅಂತ ಟೀಮುಗಳು ಆರಿಸಿಕೊಳ್ಳುವ ಕ್ರಮ ಬಂತು. ಇನ್ನೊಂದು ದಾರಿ ಕಾಲೇಜಿನದೇ. 2022 ಮತ್ತು 2023ರ ಹರಾಜಿನಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಫೈನಲ್ ತಲುಪಿದ ಎರಡು ತಂಡಗಳ 24 ಆಟಗಾರರನ್ನು ನೇರವಾಗಿ ಪಟ್ಟಿಗೆ ಸೇರಿಸಿದರು.

ಕೇಳೋಕೆ ಚೆಂದ. ಕಾಲೇಜು ಕಬಡ್ಡಿಗೆ ಒಂದು ಬಾಗಿಲು ಸಿಕ್ಕಿತಲ್ಲ ಅಂತ ನಾನೂ ಖುಷಿಪಟ್ಟಿದ್ದೆ. ಆದರೆ ಸ್ವಲ್ಪ ಯೋಚಿಸಿ. ಇಲ್ಲಿ ಆರಿಸಿದ್ದು ಆಟಗಾರರನ್ನಲ್ಲ, ತಂಡಗಳನ್ನು. ಫೈನಲ್ ತಂಡದಲ್ಲಿ ಬೆಂಚು ಕಾಯ್ದವನ ಹೆಸರೂ ಹರಾಜಿಗೆ ಬರುತ್ತದೆ. ವಲಯ ಮಟ್ಟದಲ್ಲೇ ಸೋತ ಟೀಮಿನ ಒಳ್ಳೆ ಕವರ್ ಬರುವುದಿಲ್ಲ. ನಮ್ಮ ಜಿಲ್ಲೆಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಇಲ್ಲಿನ ಹುಡುಗ ಮೊದಲು ವಿಶ್ವವಿದ್ಯಾಲಯದ ಟೀಮಿಗೆ ಆಯ್ಕೆಯಾಗಬೇಕು, ಆ ಟೀಮು ವಲಯ ದಾಟಬೇಕು, ಅಖಿಲ ಭಾರತ ಮಟ್ಟದಲ್ಲಿ ಗೆದ್ದು ಬರಬೇಕು, ಆಮೇಲೆ ಅಲ್ಲೂ ಫೈನಲ್ ತಲುಪಬೇಕು. ಏಳು ಜನರ ಆಟದಲ್ಲಿ ಒಬ್ಬ ಕವರ್ ಇದರಲ್ಲಿ ಎಷ್ಟನ್ನು ತಾನೇ ಮಾಡಿಯಾನು? ಅದಕ್ಕೇ ನಮ್ಮ ಕಡೆಯ ಕೆಲವು ಹುಡುಗರು ಪಿಯುಸಿ ಮುಗಿಸಿ ತೆಂಕಣ ದಿಕ್ಕಿಗೆ ಹೊರಡುವುದು. ಮೂಡುಬಿದಿರೆಯ ಆಳ್ವಾಸ್‌ನಂಥ ಕಡೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದಿಸುತ್ತಾರೆ, ಮ್ಯಾಟ್ ಇದೆ, ಕೋಚ್ ಇದ್ದಾರೆ. ಕರಾವಳಿಯ ಆ ತುದಿಯಿಂದ ಬಂದ ಸುಕೇಶ್ ಹೆಗ್ಡೆ 2017ರಲ್ಲಿ ಗುಜರಾತ್ ತಂಡದ ನಾಯಕ. ಪ್ರಶಾಂತ್ ಕುಮಾರ್ ರೈ 2022ರ ಫೆಬ್ರುವರಿಯಲ್ಲಿ ಪಾಟ್ನಾ ಪೈರೇಟ್ಸ್ ನಾಯಕನಾಗಿ ಫೈನಲ್ ಆಡಿ ಡೆಲ್ಲಿ ಎದುರು ಒಂದೇ ಅಂಕದಿಂದ, 36-37ರಲ್ಲಿ, ಸೋತದ್ದು ನೆನಪಿದೆಯಲ್ಲ? ಆ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ, ಇರಲಿ.

ಅಮೆರಿಕದ ಫುಟ್‌ಬಾಲಿನಲ್ಲಿ (ಅದೇ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಫುಟ್‌ಬಾಲು!) 1936ರಿಂದ ಡ್ರಾಫ್ಟ್ ಅಂತ ನಡೆಯುತ್ತದೆ. ಕಾಲೇಜು ಆಟಗಾರರನ್ನು ವೃತ್ತಿಪರ ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುತ್ತವೆ, ಹಿಂದಿನ ವರ್ಷ ಕೊನೆಗೆ ಬಂದ ತಂಡಕ್ಕೆ ಮೊದಲ ಸರದಿ. ಅದಕ್ಕೂ ಮೊದಲು ಹುಡುಗರನ್ನು ಒಂದೆಡೆ ಸೇರಿಸಿ 40 ಗಜ ಓಡಿಸುತ್ತಾರೆ, ಹಾರಿಸುತ್ತಾರೆ, ಅಂಗೈ ಅಗಲ ಕೂಡ ಅಳೆಯುತ್ತಾರೆ. ಇಷ್ಟೆಲ್ಲ ಮಾಡಿಯೂ 2000ದಲ್ಲಿ ಟಾಮ್ ಬ್ರೇಡಿ ಎಂಬವನನ್ನು ಆರಿಸಿದ್ದು 199ನೆಯವನಾಗಿ. ಆ 40 ಗಜ ಓಡಲು ಅವನಿಗೆ 5.28 ಸೆಕೆಂಡು ಬೇಕಾಗಿತ್ತು, ನಿಧಾನದವನು. ಅವನೇ ಮುಂದೆ ಏಳು ಸೂಪರ್ ಬೌಲ್ ಗೆದ್ದ. ಅಲ್ಲಿ ಪ್ರತಿ ಹುಡುಗನ ಮೂರು-ನಾಲ್ಕು ವರ್ಷದ ಕಾಲೇಜು ಪಂದ್ಯಗಳ ವಿಡಿಯೋ ಇರುತ್ತದೆ, ಕೂತು ನೋಡುವವರೂ ಇರುತ್ತಾರೆ. ಹಾಗಿದ್ದೂ ತಪ್ಪುತ್ತದೆ. ನಮ್ಮಲ್ಲಿ ಆ ವಿಡಿಯೋ ಇಲ್ಲ, ಟ್ರಯಲ್ಸ್ ಮಾತ್ರ ಇದೆ.

ನಮ್ಮವರು ತಪ್ಪಿದ್ದಕ್ಕೂ ಉದಾಹರಣೆ ಬೇಕಾದಷ್ಟು. ಇದೇ ಪವನ್ ಸೆಹ್ರಾವತ್ 2017ರಲ್ಲಿ ಗುಜರಾತ್ ತಂಡದಲ್ಲಿದ್ದ, ಹೆಚ್ಚು ಆಡಿಸಲೇ ಇಲ್ಲ. ಮುಂದಿನ ಸೀಸನ್ನಿಗೆ ನಮ್ಮ ಬೆಂಗಳೂರು ಬುಲ್ಸ್‌ಗೆ ಬಂದು 271 ರೈಡ್ ಅಂಕ ತಂದ. 2019ರ ಜನವರಿ 5ರ ಫೈನಲ್ಲಿನಲ್ಲಿ ಅದೇ ಗುಜರಾತ್ ಎದುರು 22 ಅಂಕ! ಮುಂದೆ 2022ರಲ್ಲಿ ತಮಿಳ್ ತಲೈವಾಸ್ 2.26 ಕೋಟಿ ಕೊಟ್ಟು ಅವನನ್ನು ಕೊಂಡಿತು. ಮೊದಲ ಪಂದ್ಯದಲ್ಲೇ ಮೊಣಕಾಲು ಹೋಗಿ ಸೀಸನ್ ಮುಗಿಯಿತು. ಆಗ ಜವಾಬ್ದಾರಿ ಹೊತ್ತದ್ದು ಯಾರಿಗೂ ಗೊತ್ತಿರದ ನರೇಂದರ್ ಎಂಬ ಹೊಸ ಹುಡುಗ. 243 ರೈಡ್ ಅಂಕ ಗಳಿಸಿದ, ತಂಡ ಸೆಮಿಫೈನಲ್ಲಿಗೆ ಹೋಯಿತು. ಪವನ್‌ಗೆ ಪೆಟ್ಟಾಗದೇ ಇದ್ದಿದ್ದರೆ ನರೇಂದರ್ ಎಷ್ಟು ಪಂದ್ಯ ಆಡುತ್ತಿದ್ದ? ಇದನ್ನು ಯೋಚಿಸಿದರೆ ಸ್ವಲ್ಪ ಹೆದರಿಕೆಯೇ ಆಗುತ್ತದೆ.

ನನ್ನ ತಕರಾರು ಇಷ್ಟೆ. ಕಾಲೇಜು ಕಬಡ್ಡಿಯಲ್ಲಿ ಒಟ್ಟು ಅಂಕ ನೋಡಿ ಹುಡುಗನನ್ನು ಅಳೆಯಬಾರದು. ಒಬ್ಬ ರೈಡರ್ ಹದಿನೈದು ಅಂಕ ತಂದ ಅಂದುಕೊಳ್ಳಿ. ಅದರಲ್ಲಿ ಬೋನಸ್ ಎಷ್ಟು? ಎದುರು ಆರು ಅಥವಾ ಏಳು ಜನ ಇದ್ದಾಗ ಮಾತ್ರ ಬೋನಸ್ ಸಿಗುವುದು, ನಿಜ. ಆದರೆ ಕಾಲೇಜು ಮಟ್ಟದಲ್ಲಿ ಕಾರ್ನರಿನವರು ಹೆದರಿ ಹಿಂದೆ ನಿಲ್ಲುತ್ತಾರೆ, ಇವನು ಗೆರೆ ಮುಟ್ಟಿ ವಾಪಸ್ಸು ಬರುತ್ತಾನೆ. ಒಳ್ಳೆ ಕಾರ್ನರ್ ಎದುರು ಅದೇ ಕಾಲು ಹೋಗುತ್ತದಾ? ಎದುರಾಳಿಗೆ ಮೂರೇ ಜನ ಉಳಿದಾಗ ತಂದ ಅಂಕ ಎಷ್ಟು, ಏಳೂ ಜನ ಇದ್ದಾಗ ತಂದದ್ದು ಎಷ್ಟು? ಎರಡು ರೈಡ್ ಖಾಲಿ ಹೋಗಿ ಮೂರನೆಯದು 'ಡೂ ಆರ್ ಡೈ' ಆದಾಗ ಯಾರನ್ನು ಕಳಿಸಿದರು, ಅವನು ಹೋಗಿ ಏನು ಮಾಡಿದ? ಸತತ ಎರಡು ಸಲ ಸಿಕ್ಕಿಬಿದ್ದವನು ಮೂರನೆಯ ಸಲ ಹೋಗುವಾಗ ಅವನ ಹೆಜ್ಜೆ ಹೇಗಿತ್ತು? ನನಗೆ ಕೇಳಿದರೆ ಇದೊಂದನ್ನೇ ನೋಡಿ ಅರ್ಧ ಹೇಳಬಹುದು.

ಹಿಡಿತಗಾರರ ಲೆಕ್ಕ ಇನ್ನೂ ಕಷ್ಟ. ರೈಡರ್ ತಂದ ಅಂಕ ಕಾಣುತ್ತದೆ, ಕವರ್ ಉಳಿಸಿದ ಅಂಕ ಕಾಣುವುದಿಲ್ಲ. ಅವಸರಕ್ಕೆ ಮುಂದೆ ನುಗ್ಗಿ ಅಂಕ ಬಿಟ್ಟುಕೊಟ್ಟನಾ, ಪಕ್ಕದವನ ಕೈ ಬಿಟ್ಟನಾ, ಕಾರ್ನರ್ ಕಾಲು ಹಿಡಿದಾಗ ಎಷ್ಟು ಬೇಗ ಬಂದು ಮುಚ್ಚಿದ.. ಇದೆಲ್ಲ ಟ್ರಯಲ್ಸಿನಲ್ಲಿ ಗೊತ್ತಾಗುವ ವಿಷಯವೇ ಅಲ್ಲ. ಅಲ್ಲಿ ಬೆಳಿಗ್ಗೆ ಪರಿಚಯವಾದ ಏಳು ಜನರನ್ನು ಒಟ್ಟಿಗೆ ನಿಲ್ಲಿಸುತ್ತಾರೆ. ಕವರ್ ಅನ್ನುವವನು ಪಕ್ಕದ ಕಾರ್ನರಿನ ಉಸಿರು ಗೊತ್ತಿದ್ದರೆ ಮಾತ್ರ ಕವರ್. ಗೊತ್ತಿಲ್ಲದವರ ನಡುವೆ ನಿಲ್ಲಿಸಿದರೆ ಯಾರು ಕಣ್ಣಿಗೆ ಬೀಳುತ್ತಾರೆ? ಒಬ್ಬನೇ ಹಾರಿ ಹಿಡಿಯುವವನು. ಅಂದರೆ ಟೀಮಿನಲ್ಲಿ ಮಾಡಬಾರದ್ದನ್ನು ಮಾಡುವವನು!

ಮ್ಯಾಟ್ ವಿಷಯ ಬೇರೆಯೇ ಇದೆ. ನಮ್ಮ ಹುಡುಗರು ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿ ಬೆಳೆದವರು. ಮ್ಯಾಟಿನ ಮೇಲೆ ಶೂ ಹಾಕಿ ತಿರುಗಿದರೆ ಮೊದಲ ದಿನ ಮೊಣಕಾಲು ಒಂದು ಕಡೆ, ಪಾದ ಇನ್ನೊಂದು ಕಡೆ. ಒಂದು ವಾರ ಆಡಿದರೆ ಸರಿಹೋಗುತ್ತದೆ. ಆದರೆ ಟ್ರಯಲ್ಸ್ ಇರುವುದೇ ಒಂದು ದಿನ. ಹಾಗಾದರೆ ಅಲ್ಲಿ ಅಳೆದದ್ದು ಆಟವನ್ನೋ, ಊರಲ್ಲಿ ಮ್ಯಾಟ್ ಇದೆಯೋ ಇಲ್ಲವೋ ಅನ್ನೋದನ್ನೋ? ತೂಕವೂ ಹಾಗೆ. ಸೀನಿಯರ್ ಕಬಡ್ಡಿಯಲ್ಲಿ 85 ಕೆ.ಜಿ. ತನಕ ಇರಬಹುದು. ನಮ್ಮ ಕಡೆ ತೂಕದ ವಿಭಾಗದ ಪಂದ್ಯಾವಳಿ ಜಾಸ್ತಿ. ತೂಕಕ್ಕೆ ನಿಲ್ಲುವ ಮೊದಲು ಎರಡು ದಿನ ಅನ್ನ ಬಿಟ್ಟು ಓಡಿ ಬೆವರಿಳಿಸುವ ಹುಡುಗರನ್ನು ನೋಡಿದ್ದೇನೆ. ಬೆಳೆಯುವ ವಯಸ್ಸಿನಲ್ಲಿ ಮೈ ಕಟ್ಟದೆ ಕಟ್ಟದೆ, ಇಪ್ಪತ್ತೊಂದಕ್ಕೆ ದೊಡ್ಡವರ ಎದುರು ನಿಂತಾಗ 'ತೆಳ್ಳಗಿದ್ದಾನೆ' ಅಂತ ಕಳಿಸುತ್ತಾರೆ.

ಇದರಲ್ಲಿ ಆರಿಸುವವರಿಗೆ ಹೋಗುವುದೇನು? 2025ರ ಹರಾಜಿನಲ್ಲಿ ಒಂದು ತಂಡದ ಕೈಲಿದ್ದದ್ದು 5 ಕೋಟಿ, ಡಿ ವರ್ಗದ ಆಟಗಾರನ ಮೂಲಬೆಲೆ 9 ಲಕ್ಷ. ತಪ್ಪಿದರೆ ಮುಂದಿನ ವರ್ಷ ಇನ್ನೊಬ್ಬ. ಹುಡುಗನಿಗೆ ಹೋಗುವುದು ಒಂದು ವರ್ಷ. ಅರ್ಗಾದಲ್ಲಿ ಆ ಒಂದು ವರ್ಷದ ಬೆಲೆ ಬೇರೆ. ಸೀಬರ್ಡ್‌ಗೆ ಜಾಗ ಬಿಟ್ಟುಕೊಟ್ಟ ಊರು ಇದು. 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಕದಂಬ ನೌಕಾನೆಲೆ ಶುರುವಾಯಿತು. ಗದ್ದೆ-ತೋಟ ಹೋದ ಮನೆಗಳಲ್ಲಿ 'ನೌಕರಿ' ಅನ್ನುವ ಶಬ್ದಕ್ಕೆ ಇರುವ ತೂಕ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಹಿಂದೆ ಕಬಡ್ಡಿ ಅಂದರೆ ಕ್ರೀಡಾ ಕೋಟಾದಲ್ಲಿ ರೈಲ್ವೆಗೋ ಸೈನ್ಯಕ್ಕೋ ಬ್ಯಾಂಕಿಗೋ ಸೇರುವ ದಾರಿ. ಅರವತ್ತರ ತನಕ ಸಂಬಳ. ಈಗಿನದು ಸೀಸನ್ನಿನ ಲೆಕ್ಕ. 2021ರಲ್ಲಿ 1.65 ಕೋಟಿಗೆ ಹೋದ ಪರ್ದೀಪ್ ನರ್ವಾಲ್, ಲೀಗಿನಲ್ಲಿ ಅವನಷ್ಟು ರೈಡ್ ಅಂಕ ಅದುವರೆಗೆ ಯಾರೂ ತಂದಿರಲಿಲ್ಲ, 2025ರಲ್ಲಿ ಕೊಳ್ಳುವವರೇ ಇಲ್ಲದೆ ನಿವೃತ್ತಿ ಹೇಳಿದ. ಹಾಗಾಗಿ 'ಓದು' ಅಂದ ಅಪ್ಪನನ್ನು ನಾನಂತೂ ತಪ್ಪು ಅನ್ನಲಾರೆ.

ಆದರೂ ಹುಡುಗನಿಗೆ ಬೇಡ ಅನ್ನಲು ಮನಸ್ಸು ಬರಲಿಲ್ಲ. ನಾನು ಹೇಳಿದ್ದು ಇಷ್ಟು: ಈ ಸಲ ಪರೀಕ್ಷೆ ಬರೆ. ಟ್ರಯಲ್ಸ್ ಮುಂದಿನ ಸಲವೂ ಬರುತ್ತದೆ, ನಿನಗಿನ್ನೂ ವಯಸ್ಸಿದೆ. ಅಷ್ಟರೊಳಗೆ ನಿನ್ನ ಪಂದ್ಯಗಳನ್ನೆಲ್ಲ ಮೊಬೈಲಿನಲ್ಲಿ ಹಿಡಿದಿಡು, ಅಂಕಣ ಪೂರ್ತಿ ಕಾಣುವ ಹಾಗೆ, ಬರೀ ರೈಡರ್ ಹಿಂದೆ ಓಡಿಸದೆ. ಜತೆಗೆ ಒಂದು ಹಳೇ ನೋಟ್‌ಬುಕ್ಕು. ಪ್ರತಿ ರೈಡಿಗೆ ಒಂದು ಸಾಲು: ಎದುರು ಎಷ್ಟು ಜನ, ಯಾವ ಬದಿಗೆ ಬಂದ, ಎಲ್ಲಿ ತನಕ ಬಂದ, ಏನಾಯಿತು. ಇದನ್ನು ನಿಜಕ್ಕೂ ಮಾಡಬೇಕಾದವರು ಕಾಲೇಜುಗಳು, ವಿಶ್ವವಿದ್ಯಾಲಯಗಳು. ಅಂತರ ಕಾಲೇಜು ಟೂರ್ನಿಗೆ ಒಂದು ಕ್ಯಾಮೆರಾ ಸ್ಟ್ಯಾಂಡು, ಒಬ್ಬ ಬರೆಯುವ ಹುಡುಗ, ಅದಕ್ಕೇನು ಲಕ್ಷಗಟ್ಟಲೆ ಖರ್ಚಾಗುತ್ತದಾ? ಆರಿಸುವವರು ನಮ್ಮ ಗದ್ದೆಗೆ ಬರದಿದ್ದರೆ ಬೇಡ, ಆ ನೋಟ್‌ಬುಕ್ಕಾದರೂ ಅವರ ಹತ್ತಿರ ಹೋಗಲಿ.

ಹುಡುಗ ಸುಮ್ಮನೆ ಕೇಳಿಸಿಕೊಂಡು "ಆಯ್ತಣ್ಣಾ" ಅಂದು ಹೋದ. ಮನಸ್ಸಿಗೆ ಬಂತೋ ಇಲ್ಲವೋ ಗೊತ್ತಾಗಲಿಲ್ಲ. ಮೊನ್ನೆ ಫೋನಿಗೆ ಒಂದು ಫೋಟೋ ಕಳಿಸಿದ್ದ. ರೂಲ್ಡ್ ಪುಸ್ತಕದ ಹಾಳೆ, ವಕ್ರ ಅಕ್ಷರ, 74 ಸಾಲು. ಇವನ ಬದಿಗೆ ಬಾಕ್ ಲೈನ್ ದಾಟಿ ಒಳಗೆ ಬಂದ ರೈಡುಗಳಿಗೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದ. ಎಣಿಸಿದೆ, ಒಂಬತ್ತು.