ಅಂಜೂರ ಮಣ್ಣಾಗಬಾರದು

ಅರಬಿ ಭಾಷೆಯಲ್ಲಿ ಅಂಜೂರದ ಹಣ್ಣಿಗೆ ‘ತೀನ್’ ಎನ್ನುತ್ತಾರೆ. ಜೇಡಿಮಣ್ಣಿಗೆ ಏನೆನ್ನುತ್ತಾರೆ? ಕನ್ನಡದಲ್ಲಿ ಬರೆಯಹೊರಟರೆ ಅದೂ ‘ತೀನ್’ ಎಂದೇ ಆಗುತ್ತದೆ. ಆದರೆ ಅರಬರ ಕಿವಿಗೆ ಇವೆರಡೂ ಬೇರೆ ಬೇರೆ ಪದಗಳು. ಹಣ್ಣಿನ ‘ತ’ ತೆಳು. ನಾಲಗೆಯ ತುದಿ ಮೇಲಿನ ಮುಂಬಲ್ಲುಗಳ ಬುಡಕ್ಕೆ ತಾಗಿದರೆ ಸಾಕು. ಮಣ್ಣಿನ ‘ತ’ ದಪ್ಪ. ತುದಿ ಅಲ್ಲಿಯೇ ತಾಗಬೇಕು, ಜೊತೆಗೆ ನಾಲಗೆಯ ಹಿಂಭಾಗ ಅಂಗುಳಿನತ್ತ ಏಳಬೇಕು. ‘ಸೈಫ್’ ಎಂಬುದನ್ನು ತೆಳು ಸಕಾರದಿಂದ ಹೇಳಿದರೆ ಖಡ್ಗ, ದಪ್ಪ ಸಕಾರದಿಂದ ಹೇಳಿದರೆ ಬೇಸಿಗೆ. ‘ಕಲ್ಬ್’ ಎಂಬುದರ ಮೊದಲ ವ್ಯಂಜನ ಕಿರುನಾಲಗೆಯ ಬಳಿಯಿಂದ ಹೊರಟರೆ ಹೃದಯ. ಸ್ವಲ್ಪ ಮುಂದಿನಿಂದ ಹೊರಟರೆ ನಾಯಿ!

ಕುರ್‌ಆನ್ ಪಠಿಸುವಾಗ ಇಂಥ ವ್ಯತ್ಯಾಸಗಳು ಅಳಿಯದಂತೆ ನೋಡಿಕೊಳ್ಳುವ ಶಾಸ್ತ್ರವೇ ‘ತಜ್ವೀದ್’. ಉತ್ತಮಗೊಳಿಸುವುದು ಎಂದು ಆ ಪದದ ಅರ್ಥ. ಇದನ್ನು ರಾಗವಾಗಿ ಓದುವ ಕಲೆ ಎಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ಇನಿದನಿ ಇಲ್ಲದವರೂ ತಜ್ವೀದ್‌ನಲ್ಲಿ ನಿಪುಣರಾಗಬಹುದು. ಕೋಗಿಲೆ ಕಂಠದವರೂ ಇದರಲ್ಲಿ ತಪ್ಪಬಹುದು.

8ನೆಯ ಶತಮಾನದಲ್ಲಿ ಬಸ್ರಾ ನಗರದಲ್ಲಿದ್ದ ವಿದ್ವಾಂಸ ಖಲೀಲ್ ಇಬ್ನ್ ಅಹ್ಮದ್ ಅರಬಿ ಅಕ್ಷರಗಳನ್ನು ಅವು ಹುಟ್ಟುವ ಸ್ಥಾನದ ಪ್ರಕಾರ, ಗಂಟಲಿನಿಂದ ತುಟಿಯವರೆಗೆ ಜೋಡಿಸಿದ. ಅವನ ನಿಘಂಟಿನ ಕ್ರಮವೂ ಅದೇ. ಕವರ್ಗದಿಂದ ಪವರ್ಗದವರೆಗಿನ ನಮ್ಮ ವರ್ಣಮಾಲೆಯನ್ನು ಬಾಯಿಪಾಠ ಮಾಡಿದ ಮಕ್ಕಳಿಗೆ ಈ ಜೋಡಣೆ ಅಪರಿಚಿತವೆನಿಸದು. ಮುಂದೆ ದಮಾಸ್ಕಸ್‌ನಲ್ಲಿ ಹುಟ್ಟಿದ ಇಬ್ನುಲ್ ಜಝರಿ (ನಿಧನ 1429) ಇಂಥ 17 ಉಚ್ಚಾರಣಾ ಸ್ಥಾನಗಳನ್ನು ಹೇಳಿ, ನಿಯಮಗಳನ್ನೆಲ್ಲ ಪದ್ಯದಲ್ಲಿ ಕಟ್ಟಿಕೊಟ್ಟ. ವಿದ್ಯಾರ್ಥಿಗಳು ಅದನ್ನು ಇಂದಿಗೂ ಕಂಠಪಾಠ ಮಾಡುತ್ತಾರೆ.

ಉರ್ದು ಮನೆಮಾತಿನ ಮಕ್ಕಳಿಗೆ ಅರಬಿ ಸುಲಭ, ಲಿಪಿ ಹೇಗೂ ಗೊತ್ತಲ್ಲ ಎಂದು ಪೋಷಕರು ಭಾವಿಸುವುದುಂಟು. ನಿಜವಾದ ತೊಡಕು ಇರುವುದೇ ಇಲ್ಲಿ. ಅರಬಿಯಲ್ಲಿ ಬೇರೆ ಬೇರೆಯಾಗಿ ನುಡಿಯುವ ಮೂರು ಅಕ್ಷರಗಳನ್ನು ಉರ್ದುವಿನಲ್ಲಿ ಒಂದೇ ‘ಸ’ ಎಂಬಂತೆ, ನಾಲ್ಕು ಅಕ್ಷರಗಳನ್ನು ಒಂದೇ ‘ಝ’ ಎಂಬಂತೆ ಓದುತ್ತಾರೆ. ಅಕ್ಷರ ಕಂಡೊಡನೆ ನಾಲಗೆ ಹಳೆಯ ದಾರಿ ಹಿಡಿಯುತ್ತದೆ. ಏನೂ ಗೊತ್ತಿಲ್ಲದ ಮಗು ಕೇಳಿದ್ದನ್ನು ಕೇಳಿದಂತೆ ಹೇಳುತ್ತದೆ. ಗೊತ್ತಿರುವ ಮಗು ಮೊದಲು ಮರೆಯುವುದನ್ನು ಕಲಿಯಬೇಕು.

ಹಾಗೆಂದು ಎದೆಗುಂದಬೇಕಿಲ್ಲ. ಅರಬ್ ಮಕ್ಕಳಿಗೂ ಇದು ಹುಟ್ಟಿನಿಂದ ಬಂದ ವಿದ್ಯೆಯಲ್ಲ. ಕೈರೋ ನಗರದ ಮನೆಮಾತಿನಲ್ಲಿ ‘ಕಲ್ಬ್’ ಎಂಬ ಹೃದಯ ತನ್ನ ಮೊದಲ ವ್ಯಂಜನವನ್ನೇ ಕಳೆದುಕೊಂಡು ‘ಅಲ್ಬ್’ ಆಗಿಬಿಟ್ಟಿದೆ, ‘ಜ’ಕಾರ ‘ಗ’ಕಾರವಾಗಿದೆ. ಅಲ್ಲಿನ ಮಗುವೂ ಉಸ್ತಾದರ ಮುಂದೆ ಕುಳಿತು ತಿದ್ದಿಸಿಕೊಳ್ಳಲೇಬೇಕು.

ಇನ್ನು ಕೆಲವು ನಿಯಮಗಳು ಕನ್ನಡ ಮಾತಾಡುವವರಿಗೆ ಆಗಲೇ ಸಿದ್ಧಿಸಿವೆ, ಅವರಿಗೆ ಅದರ ಅರಿವಿಲ್ಲ ಅಷ್ಟೆ. ‘ಗಂಗೆ’, ‘ಅಂಚೆ’, ‘ದಂತ’, ‘ಕಂಬ’ ಎಂದು ಹೇಳಿ ನೋಡಿ. ಬರೆಯುವ ಸೊನ್ನೆ ಒಂದೇ, ಆದರೆ ಪ್ರತಿ ಸಲವೂ ಅದರ ದನಿ ಮುಂದಿನ ಅಕ್ಷರಕ್ಕೆ ತಕ್ಕಂತೆ ಬದಲಾಗುತ್ತದೆ. ‘ಕಂಬ’ ಎನ್ನುವಾಗ ತುಟಿಗಳು ಮುಚ್ಚಿ ‘ಮ್’ ಬರುತ್ತದೆ. ತಜ್ವೀದ್‌ನಲ್ಲಿಯೂ ಸ್ವರವಿಲ್ಲದ ‘ನ್’ ಮುಂದೆ ‘ಬ’ ಬಂದರೆ ಅದು ‘ಮ್’ ಆಗುತ್ತದೆ. ಇದಕ್ಕೆ ‘ಇಕ್ಲಾಬ್’ ಎಂದು ಹೆಸರು. ಅನೇಕ ಮುದ್ರಿತ ಪ್ರತಿಗಳಲ್ಲಿ ನೆನಪಿಗಾಗಿ ಆ ಅಕ್ಷರದ ಮೇಲೆ ಪುಟ್ಟ ‘ಮೀಮ್’ ಬರೆದಿರುತ್ತಾರೆ. ಗಂಟಲಿನ ಆರು ಅಕ್ಷರಗಳ ಮುಂದೆ ‘ನ್’ ಸ್ಪಷ್ಟವಾಗಿ ಉಳಿಯುತ್ತದೆ, ಮತ್ತಾರು ಅಕ್ಷರಗಳಲ್ಲಿ ಕರಗಿಹೋಗುತ್ತದೆ, ಉಳಿದ ಹದಿನೈದರ ಮುಂದೆ ಮೂಗಿನಲ್ಲಿ ಅರ್ಧ ಅಡಗುತ್ತದೆ.

ದೀರ್ಘಗಳಿಗೂ ಲೆಕ್ಕವಿದೆ. ‘ಕತಲ’ ಎಂದರೆ ಕೊಂದನು, ‘ಕಾತಲ’ ಎಂದರೆ ಕಾದಾಡಿದನು. ಸಾಮಾನ್ಯ ದೀರ್ಘಕ್ಕೆ ಎರಡು ಮಾತ್ರೆಯ ಕಾಲ. ಕೆಲವು ಕಡೆ ಅದು ಆರರವರೆಗೂ ಎಳೆಯುತ್ತದೆ. ಬೆರಳು ಮಡಿಸುತ್ತಾ ಎಣಿಸುವುದು ಹಳೆಯ ಪದ್ಧತಿ. ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂಬುದಕ್ಕೂ ಸಾಲಿನ ಮೇಲೆ ಚಿಹ್ನೆಗಳಿವೆ.

ಇಷ್ಟೆಲ್ಲವನ್ನೂ ಪುಸ್ತಕದಲ್ಲಿ ಓದಿ ಕಲಿಯಲಾಗದು. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಬರಬೇಕು. ಈಜಿಪ್ಟಿನ ಪ್ರಸಿದ್ಧ ಪಠಣಕಾರ ಮಹಮೂದ್ ಖಲೀಲ್ ಅಲ್ ಹುಸರಿ ಅವರ ಪೂರ್ಣ ಪಠಣ 1961ರಲ್ಲಿ ಧ್ವನಿಮುದ್ರಣವಾಯಿತು. ಈಗ ಅಂಥ ಪಠಣಗಳು ಮೊಬೈಲ್ ಫೋನಿನಲ್ಲಿಯೇ ಸಿಗುತ್ತವೆ. ಕೇಳುವುದಕ್ಕೆ ಅವು ಒಳ್ಳೆಯವು. ಆದರೆ ಮಗುವಿನ ದಪ್ಪ ‘ತ’ ತೆಳುವಾದಾಗ ಯಂತ್ರ ಹುಬ್ಬು ಗಂಟಿಕ್ಕುವುದಿಲ್ಲ. ಉಸ್ತಾದರು ಗಂಟಿಕ್ಕುತ್ತಾರೆ, ಗದರಿದರೆ ಮಾತ್ರ ಮಗುವಿನ ಗಂಟಲೇ ಕಟ್ಟಿಕೊಳ್ಳುತ್ತದೆ, ಅದೂ ಗಂಟಲಕ್ಷರಗಳ ಪಾಠದ ದಿನ! ತಡವರಿಸುತ್ತಾ ಕಷ್ಟಪಟ್ಟು ಓದುವವರಿಗೆ ಎರಡು ಪಾಲು ಪುಣ್ಯವೆಂದು ಹದೀಸ್‌ನಲ್ಲೇ ಇದೆ. ಮುಂಬಲ್ಲು ಬಿದ್ದ ಏಳು ವರ್ಷದ ಮಗುವಿನ ‘ಸ’ಕಾರ ಸಿಳ್ಳೆ ಹಾಕಿದರೆ ಹಲ್ಲು ಬರುವವರೆಗೆ ಕಾಯಬಹುದು.

ಮನೆಯಲ್ಲಿ ಅಭ್ಯಾಸ ಮಾಡಿಸಲು ಖಲೀಲನ ಹಳೆಯ ಉಪಾಯವೊಂದಿದೆ. ಸ್ಥಾನ ತಿಳಿಯಬೇಕಾದ ವ್ಯಂಜನದ ಹಿಂದೆ ‘ಅ’ ಸೇರಿಸಿ, ವ್ಯಂಜನದ ಮೇಲೆಯೇ ನಿಲ್ಲಬೇಕು: ಅಬ್, ಅತ್, ಅಕ್. ದನಿ ಎಲ್ಲಿ ತಡೆಯುತ್ತದೋ ಅದೇ ಆ ಅಕ್ಷರದ ಮನೆ. ಒಂದು ಕನ್ನಡಿ ಎದುರಿಗಿಟ್ಟುಕೊಂಡರೆ ತುಟಿ, ಹಲ್ಲುಗಳ ಅಕ್ಷರಗಳು ಕಣ್ಣಿಗೂ ಕಾಣುತ್ತವೆ. ಗಂಟಲಿನವಕ್ಕೆ ಕಿವಿಯೇ ಗತಿ.